ಹೆಸರು ತಡವಾಗಿ ಬಂದ ಮಕ್ಕಳು

ಡಿಸೆಂಬರ್ ಕಳೆಯುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬದ ಕಡೆ ಯಾವ ಕೃಷಿಕರ ಮನೆಗೆ ಹೋದರೂ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಅಂಥ ಒಂದು ಅಂಗಳದಲ್ಲಿ ಮೂರು ವರ್ಷದ ಮಗುವೊಂದನ್ನು ಊಹಿಸಿಕೊಳ್ಳಿ. ಉಳಿದ ಮಕ್ಕಳು ಅಡಿಕೆ ಎಸೆದು, ತುಳಿದು, ದೊಡ್ಡವರಿಂದ ಬೈಸಿಕೊಂಡು ಆಡುತ್ತಿದ್ದರೆ ಈ ಮಗು ಮೂಲೆಯಲ್ಲಿ ಕೂತು ಒಂದರ ಪಕ್ಕ ಒಂದು ಅಡಿಕೆಯನ್ನು ಸಾಲಾಗಿ ಇಡುತ್ತಿರುತ್ತದೆ. ಸಾಲು ನೇರವಾಗಿಯೇ ಇರಬೇಕು. ನಡುವಿನ ಒಂದು ಅಡಿಕೆ ಕದಲಿದರೂ ಸಾಕು, ಅಳು ನಿಲ್ಲಿಸಲು ಯಾರಿಂದಲೂ ಆಗದು. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಆದರೆ ಗುಡ್ಡದಾಚೆಯ ರಸ್ತೆಯಲ್ಲಿ ಜೀಪು ಬರುವ ಸದ್ದು ಎಲ್ಲರಿಗಿಂತ ಮೊದಲು ಅದಕ್ಕೇ ಕೇಳಿಸುತ್ತದೆ. ಮಾತು ಇನ್ನೂ ಬಂದಿಲ್ಲ. ಅಥವಾ ಒಂದೂವರೆ ವರ್ಷಕ್ಕೆ ಬಂದಿದ್ದ ನಾಲ್ಕು ಮಾತು ಎರಡು ವರ್ಷಕ್ಕೆ ಹೋಗಿಬಿಟ್ಟಿದೆ.

ಅಜ್ಜಿಗೆ ಅಷ್ಟೇನೂ ಗಾಬರಿಯಿಲ್ಲ. ‘ಇವನ ಅಪ್ಪನೂ ಮಾತಾಡಿದ್ದು ತಡವಾಗಿಯೇ’ ಎನ್ನುತ್ತಾರೆ. ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾರೆ. ಅದರಿಂದಲೂ ಆಗದಿದ್ದರೆ ಜಾತಕ ತೋರಿಸುವುದು, ನಾಗದೋಷವೆಂದು ಕಂಡರೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ, ಮನೆಯ ದೈವಕ್ಕೊಂದು ಹರಕೆ. ಇದನ್ನು ನಗೆಯಾಡಲು ಬರೆಯುತ್ತಿಲ್ಲ. ತಟ್ಟಲು ಬೇರೆ ಬಾಗಿಲೇ ಇಲ್ಲದ ಕಾಲದಲ್ಲಿ ಜನ ತಮಗೆ ಗೊತ್ತಿದ್ದ ಬಾಗಿಲನ್ನು ತಟ್ಟಿದರು, ಅಷ್ಟೆ.

ಊರು ಕೂಡ ಆ ಮಗುವಿಗೆ ಒಂದು ಹೆಸರಿಡುತ್ತದೆ. ಒಂದೇ ಬಸ್ಸಿನಲ್ಲಿ ತುಳು, ಕನ್ನಡ, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ ಎಲ್ಲವೂ ಕೇಳಿಸುವ ಸೀಮೆ ಇದು. ಮಾತು ಬಾರದವನಿಗೆ, ಬುದ್ಧಿ ಕಡಿಮೆಯಾದವನಿಗೆ, ತಲೆ ಕೆಟ್ಟವನಿಗೆ, ಹಠಮಾರಿಗೆ ಈ ಎಲ್ಲ ಭಾಷೆಗಳಲ್ಲೂ ಶಬ್ದಗಳಿವೆ. ಮೂಗ, ಪೆದ್ದ, ಮರ್ಲೆ ಎಂದು ಕರೆದದ್ದೂ ಆಯಿತು. ಆದರೆ ಮೂಗನೆನ್ನೋಣವೆಂದರೆ ಮಗು ಟಿ.ವಿ.ಯ ಜಾಹೀರಾತನ್ನು ಅದೇ ರಾಗದಲ್ಲಿ ಒಪ್ಪಿಸುತ್ತದೆ. ಕಿವುಡನೆನ್ನೋಣವೆಂದರೆ ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುತ್ತದೆ. ಪೆದ್ದನೆನ್ನೋಣವೆಂದರೆ ಊರಿಗೆ ಬರುವ ಬಸ್ಸುಗಳ ನಂಬರೆಲ್ಲ ಬಾಯಿಪಾಠ. ಈ ಮಗುವಿಗೆ ಹೊಂದುವ ಹೆಸರು ಯಾವ ಭಾಷೆಯಲ್ಲೂ ಇರಲಿಲ್ಲ.

ಹೆಸರಿನಿಂದ ಆಗಬೇಕಾದದ್ದೇನು ಎಂದು ಓದುಗರು ಕೇಳಬಹುದು. ಸರಕಾರದ ಕಾಗದದಲ್ಲಿ ಹೆಸರಿಲ್ಲದ ತೊಂದರೆಗೆ ತಜ್ಞರೂ ಇಲ್ಲ, ಶಾಲೆಯೂ ಇಲ್ಲ, ಮಾಸಾಶನವೂ ಇಲ್ಲ. ಇಂದು ಆಟಿಸಂ ಎಂದು ಕರೆಯುವ ಈ ಸ್ಥಿತಿ ನಮ್ಮ ಮೂರು ತಾಲೂಕುಗಳಲ್ಲಿ ಎಂದಿನಿಂದಲೋ ಇತ್ತು. ಇಲ್ಲಿಗೆ ತಡವಾಗಿ ಬಂದದ್ದು ಅದರ ಹೆಸರು. ಆ ತಡಕ್ಕೆ ಬೆಲೆ ತೆತ್ತವರು ಎರಡು ತಲೆಮಾರಿನ ಮಕ್ಕಳು ಮತ್ತು ಅವರ ತಾಯಂದಿರು.

ಹೆಸರಿನ ಹುಟ್ಟೇ ಒಂದು ಕಥೆ. ‘ಆಟಿಸಂ’ ಎಂಬ ಶಬ್ದವನ್ನು ವೈದ್ಯಕೀಯಕ್ಕೆ ತಂದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್. 1911ರ ತಮ್ಮ ಗ್ರಂಥದಲ್ಲಿ ಅವರು ಇದನ್ನು ಮಕ್ಕಳ ಬಗ್ಗೆ ಬಳಸಲಿಲ್ಲ. ಸ್ಕಿಜೋಫ್ರೇನಿಯಾ ಇರುವ ದೊಡ್ಡವರು ಹೊರಜಗತ್ತನ್ನು ಬಿಟ್ಟು ತಮ್ಮೊಳಗೇ ಮುಳುಗುವುದನ್ನು ಹಾಗೆ ಕರೆದರು. ಗ್ರೀಕ್‌ನಲ್ಲಿ ‘ಔಟೋಸ್’ ಎಂದರೆ ‘ತಾನು’. ಕನ್ನಡದ ಸರಕಾರಿ ಕಾಗದಗಳಲ್ಲಿ ಕಾಣುವ ‘ಸ್ವಲೀನತೆ’ ಎಂಬ ಮಾತು ಅದರದೇ ಅನುವಾದ. ಈ ಶಬ್ದದ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ತನ್ನಲ್ಲೇ ಲೀನವಾಗಲು ಈ ಮಕ್ಕಳೇನೂ ತಪಸ್ಸಿಗೆ ಕೂತವರಲ್ಲ. ಜೊತೆ ಬೇಕೆಂದಿದ್ದರೂ ಜೊತೆಯಾಗುವ ದಾರಿ ತಿಳಿಯದವರು ಇವರಲ್ಲಿ ಅನೇಕರು. ಪುತ್ತೂರಿನ ಪೇಟೆಯಲ್ಲಿ ‘ಸ್ವಲೀನತೆ’ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಆಟಿಸಂ ಎಂದರೂ ತುಳುವರಿಗೆ ಮೊದಲು ನೆನಪಾಗುವುದು ಮಳೆ ಹೊಯ್ಯುವ ಆಟಿ ತಿಂಗಳು!

ಇಂಥ ಮಕ್ಕಳನ್ನು ವಿವರವಾಗಿ ವರ್ಣಿಸಿದವರಲ್ಲಿ ಮೊದಲಿಗರು ಸೋವಿಯತ್ ದೇಶದ ವೈದ್ಯೆ ಗ್ರುನ್ಯಾ ಸುಖರೇವಾ. 1925ರ ಸುಮಾರಿಗೆ ಅವರು ಆರು ಹುಡುಗರ ಬಗ್ಗೆ ಬರೆದದ್ದನ್ನು ಜಗತ್ತು ಬಹಳ ಕಾಲ ಗಮನಿಸಲಿಲ್ಲ. ಗಮನಿಸಿದ್ದು 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಲಿಯೋ ಕ್ಯಾನರ್ ಬರೆದದ್ದನ್ನು. ಮರುವರ್ಷ ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಇದೇ ಬಗೆಯ, ಆದರೆ ಮಾತು ಚೆನ್ನಾಗಿ ಬಲ್ಲ ಹುಡುಗರ ಬಗ್ಗೆ ಬರೆದರು.

ಕ್ಯಾನರ್ ವರ್ಣಿಸಿದ್ದು ಹನ್ನೊಂದು ಮಕ್ಕಳನ್ನು. ಮೊದಲನೆಯವನು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್. ಅವನ ತಂದೆ ವೈದ್ಯರಿಗೆ 33 ಪುಟಗಳ ಪತ್ರ ಬರೆದಿದ್ದರು. ಮಗ ಪಾತ್ರೆಗಳನ್ನು ಬುಗುರಿಯಂತೆ ತಿರುಗಿಸುತ್ತಾನೆ, ಕರೆದರೆ ಬರುವುದಿಲ್ಲ, ಕೇಳಿದ್ದನ್ನೆಲ್ಲ ಹಾಗೆಯೇ ನೆನಪಿಡುತ್ತಾನೆ ಎಂದು ಅದರಲ್ಲಿತ್ತು. ಆಟಿಸಂ ಎಂಬ ನಿರ್ಣಯದ ಬುನಾದಿಯಲ್ಲಿ ಇರುವುದು ಯಂತ್ರವೂ ಅಲ್ಲ, ರಕ್ತಪರೀಕ್ಷೆಯೂ ಅಲ್ಲ. ಮಗುವನ್ನು ದಿನವೂ ನೋಡಿದ ಒಬ್ಬ ತಂದೆಯ ಪತ್ರ. ಇದನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಡೊನಾಲ್ಡ್‌ನ ಮುಂದಿನ ಕಥೆ ನಮ್ಮ ತೋಟದ ಊರುಗಳಿಗೆ ಇನ್ನೂ ಹತ್ತಿರದ್ದು. ಅವನನ್ನು ಮನೆಯಿಂದ ಹತ್ತು ಮೈಲಿ ದೂರದ ಒಂದು ರೈತ ದಂಪತಿಯ ಬಳಿ ಇರಿಸಲಾಯಿತು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಬೆರಗಾದರು. ಹುಡುಗನಿಗೆ ಅಳೆಯುವ ಗೀಳು. ರೈತ ಅವನ ಕೈಯಲ್ಲಿ ಬಾವಿ ತೋಡಿಸಿ ಎಷ್ಟು ಆಳವಾಯಿತೆಂದು ಹೇಳಲು ಹಚ್ಚಿದ್ದ. ಜೋಳದ ಸಾಲುಗಳನ್ನು ಸುಮ್ಮನೆ ಎಣಿಸುತ್ತಿದ್ದವನಿಗೆ ಉಳುತ್ತ ಎಣಿಸು ಎಂದು ನೇಗಿಲು ಕೊಟ್ಟಿದ್ದ. ಸತ್ತ ಹಕ್ಕಿ, ಹುಳಗಳನ್ನು ಕೂಡಿಡುತ್ತಿದ್ದವನಿಗೆ ಅವನ್ನು ಹೂಳಲು ಒಂದು ಜಾಗ ತೋರಿಸಿ, ಗುರುತಿನ ಹಲಗೆ ನೆಡಲು ಬಿಟ್ಟಿದ್ದರು. ಆ ದಂಪತಿ ಯಾವ ಕಾಲೇಜಿನಲ್ಲೂ ಚಿಕಿತ್ಸೆ ಕಲಿತವರಲ್ಲ. ಹುಡುಗ ಮಾಡುತ್ತಿದ್ದುದನ್ನು ಬಿಡಿಸಲು ಹೋಗದೆ, ಅದನ್ನೇ ಕೆಲಸವಾಗಿ ತಿರುಗಿಸಿದರು. ಡೊನಾಲ್ಡ್ ಮುಂದೆ ಬ್ಯಾಂಕಿನಲ್ಲಿ ಕೆಲಸ ಮಾಡಿ, ಕಾರು ಓಡಿಸಿ, ದೇಶ ದೇಶ ಸುತ್ತಿ, 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಎಲ್ಲರ ಬದುಕೂ ಹೀಗೆ ಹೂವಾಗುತ್ತದೆಂದಲ್ಲ. ಕ್ಯಾನರ್ ಅವರ ಅದೇ ಹನ್ನೊಂದು ಮಕ್ಕಳಲ್ಲಿ ದೊಡ್ಡ ಆಸ್ಪತ್ರೆಗಳ ಒಳಗೇ ಸವೆದು ಹೋದವರೂ ಇದ್ದರು.

ಹೆಸರಿನ ಬೆನ್ನಿಗೇ ಒಂದು ಅಪವಾದವೂ ಬಂತು. ತಾಯಿಯ ಪ್ರೀತಿ ತಣ್ಣಗಿರುವುದರಿಂದಲೇ ಮಗು ಹೀಗಾಗುತ್ತದೆ ಎಂಬ ವಾದ 1950-60ರ ದಶಕಗಳಲ್ಲಿ ಅಮೆರಿಕದಲ್ಲಿ ಜೋರಾಗಿತ್ತು. ‘ರೆಫ್ರಿಜರೇಟರ್ ತಾಯಿ’ ಎಂಬ ಕ್ರೂರ ಪದವನ್ನೇ ಟಂಕಿಸಿದರು. ಬ್ರೂನೋ ಬೆಟ್ಟೆಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಅದಕ್ಕೆ ಪಾಂಡಿತ್ಯದ ಹೊದಿಕೆ ಹೊದಿಸಿದರು. ತನ್ನ ಮಗನಿಗೆ ಆಟಿಸಂ ಇದ್ದ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞ 1964ರಲ್ಲೇ ಇದನ್ನು ಅಲ್ಲಗಳೆದಿದ್ದರು. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ 21 ಅವಳಿ ಜೋಡಿಗಳನ್ನು ಅಧ್ಯಯನ ಮಾಡಿ ವಂಶವಾಹಿಗಳ ಪಾತ್ರ ದೊಡ್ಡದೆಂದು ತೋರಿಸಿದ ಮೇಲೆ ವಿಜ್ಞಾನದ ಮಟ್ಟಿಗೆ ತಾಯಿಯ ಮೇಲಿನ ಆಪಾದನೆ ಬಿದ್ದುಹೋಯಿತು. ಲಸಿಕೆಯ ಮೇಲಿನ ಆಪಾದನೆಯೂ ಹಾಗೆಯೇ. 1998ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದಿದ್ದ ಆ ಲೇಖನವನ್ನು ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ನಮ್ಮಲ್ಲಿ ರೆಫ್ರಿಜರೇಟರ್ ಇಲ್ಲದ ಕಾಲದಲ್ಲೂ ಆಪಾದನೆಗೆ ಕೊರತೆಯಿರಲಿಲ್ಲ. ಗ್ರಹಣದ ದಿನ ಹೊರಗೆ ಬಂದಳು, ನಾಗಬನದ ಹತ್ತಿರ ಹೋದಳು, ಗಂಡನ ಮನೆಯಲ್ಲಿ ಕಣ್ಣೀರಿಟ್ಟಳು. ಈಗ ಅದರ ಜಾಗಕ್ಕೆ ‘ಮೊಬೈಲ್ ಕೊಟ್ಟು ಕೂರಿಸಿದಳು’ ಎಂಬ ಮಾತು ಬಂದಿದೆ. ಎರಡು ವರ್ಷದ ಮಗುವಿನ ಕೈಗೆ ಮೊಬೈಲ್ ಕೊಡದಿರುವುದು ಒಳ್ಳೆಯದೇ. ಆದರೆ ಮೊಬೈಲ್ ಹುಟ್ಟುವ ಮೊದಲೂ ಈ ಮಕ್ಕಳಿದ್ದರು.

ಭಾರತಕ್ಕೆ ಈ ತಿಳಿವಳಿಕೆ ಬಂದ ದಾರಿ ವಿಚಿತ್ರ. 1944ರಲ್ಲೇ ಡಾರ್ಜಿಲಿಂಗ್‌ನಲ್ಲಿದ್ದ ವಿಯೆನ್ನಾದ ಮಕ್ಕಳ ವೈದ್ಯ ರೊನಾಲ್ಡ್ ಎಂಬವರು ಇಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ‘ಅಸಹಜ ಮಕ್ಕಳ’ ಬಗ್ಗೆ ಬರೆದಿದ್ದರು. ಆಟಿಸಂ ಎಂಬ ಶಬ್ದ ಭಾರತದ ವೈದ್ಯಕೀಯ ಬರಹಗಳಲ್ಲಿ ಕಾಣಿಸಿಕೊಂಡದ್ದು 1950ರ ದಶಕದ ಕೊನೆಗೆ. ಕರ್ನಾಟಕದ ಅದೃಷ್ಟವೆಂದರೆ ದೇಶಕ್ಕೇ ದೊಡ್ಡವೆನಿಸಿದ ಎರಡು ಸಂಸ್ಥೆಗಳು ಇಲ್ಲೇ ಬಂದವು. 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಬಂತು. ಮುಂದೆ ಬೆಂಗಳೂರಿನಲ್ಲಿ ಆಟಿಸಂ ಇರುವ ಮಕ್ಕಳಿಗಾಗಿಯೇ 1995ರಲ್ಲಿ ‘ಆಶಾ’ ಶಾಲೆ, 2000ದಲ್ಲಿ ವಾಕ್‌ತಜ್ಞೆ ಪ್ರತಿಭಾ ಕಾರಂತರ ‘ಕಾಮ್ ಡೀಲ್’ ಹುಟ್ಟಿಕೊಂಡವು.

ಆದರೆ ಸುಳ್ಯದ ಮನೆಯಿಂದ ಮೈಸೂರಿಗೆ ಸಂಪಾಜೆ ಘಾಟಿ ಹತ್ತಬೇಕು, ಮಡಿಕೇರಿ ದಾಟಬೇಕು. ಕಡಬದಿಂದ ಬೆಂಗಳೂರಿಗೆ ಶಿರಾಡಿ ಘಾಟಿ. ಮಂಗಳೂರು-ಹಾಸನ ರೈಲು 1979ರಲ್ಲಿ ಬಂದರೂ, ಗೇಜ್ ಪರಿವರ್ತನೆಯ ನೆಪದಲ್ಲಿ 1990ರ ದಶಕದ ನಡುವಿನಿಂದ 2007ರ ಕೊನೆಯವರೆಗೆ ಘಟ್ಟ ದಾಟುವ ಪ್ರಯಾಣಿಕರ ರೈಲು ಇರಲೇ ಇಲ್ಲ. ಬಸ್ಸಿನ ಸದ್ದು, ಹಾರ್ನು, ಹೊಸಬರ ಮೈ ತಾಗುವುದನ್ನು ಸಹಿಸಲಾಗದ ಮಗುವನ್ನು ಎತ್ತಿಕೊಂಡು ರಾತ್ರಿಯಿಡೀ ಘಾಟಿ ಪ್ರಯಾಣ ಮಾಡುವುದೆಂದರೇನು ಎಂಬುದನ್ನು ಮಾಡಿದವರೇ ಬಲ್ಲರು. ‘ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ’ ಎಂದರೆ ಅನೇಕರು ಮತ್ತೆ ಹೋಗದಿದ್ದುದಕ್ಕೆ ಉದಾಸೀನವೊಂದೇ ಕಾರಣವಲ್ಲ.

ಪುತ್ತೂರು ವಿದ್ಯೆಗೆ ಹೆಸರಾದ ಊರು. ಶಿವರಾಮ ಕಾರಂತರು ಮಕ್ಕಳ ಕಲಿಕೆ ಹೇಗಿರಬೇಕೆಂದು ಪ್ರಯೋಗ ಮಾಡಿದ್ದು ಇಲ್ಲಿಯ ಪರ್ಲಡ್ಕದ ಬಾಲವನದಲ್ಲಿ. ಮಕ್ಕಳಿಗೆಂದು ‘ಬಾಲಪ್ರಪಂಚ’ದ ಸಂಪುಟಗಳನ್ನು ಅವರು 1936ರಲ್ಲೇ ತಂದರು. ಅಂಥ ಊರಿನಲ್ಲೂ ತರಗತಿಯಲ್ಲಿ ಕೂರಲಾಗದ ಮಗುವಿಗೆ ಬಹುಕಾಲ ಜಾಗವಿರಲಿಲ್ಲ. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆ ಜಿಲ್ಲೆಯ ಹಳೆಯ ಆಸರೆಗಳಲ್ಲೊಂದು. ಸುಳ್ಯದಲ್ಲಿ ಸಾಂದೀಪ್ ವಿಶೇಷ ಶಾಲೆ ಬಂತು. ಈ ಶತಮಾನದ ಆರಂಭದಲ್ಲಿ ಕುರುಂಜಿ ವೆಂಕಟರಮಣ ಗೌಡರು ಸುಳ್ಯದಲ್ಲಿ ವೈದ್ಯಕೀಯ ಕಾಲೇಜು ಕಟ್ಟಿದ ಮೇಲೆ ಮಕ್ಕಳ ವೈದ್ಯರನ್ನೂ ಮನೋವೈದ್ಯರನ್ನೂ ಕಾಣಲು ಘಟ್ಟ ಹತ್ತಲೇಬೇಕೆಂಬ ಸ್ಥಿತಿ ಸ್ವಲ್ಪ ಬದಲಾಯಿತು.

ತಪಾಸಣೆ ಎಂದರೆ ಏನು ಮಾಡುತ್ತಾರೆ? ಅನೇಕರು ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ ಎಂದುಕೊಂಡಿದ್ದಾರೆ. ಗೊತ್ತಾಗುವುದಿಲ್ಲ. ಮೊದಲು ನೋಡುವುದು ಕಿವಿ. ಕಿವುಡುತನದಿಂದಲೂ ಮಾತು ತಡವಾಗುತ್ತದೆ. ಕಿವಿ ಸರಿಯಿದ್ದರೆ ತಜ್ಞರು ತಂದೆತಾಯಿಯನ್ನು ಗಂಟೆಗಟ್ಟಲೆ ವಿಚಾರಿಸುತ್ತಾರೆ, ಮಗುವಿನೊಂದಿಗೆ ಆಡುತ್ತ ಗಮನಿಸುತ್ತಾರೆ. ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆಯೆ, ಅಥವಾ ಅಮ್ಮನ ಕೈಯನ್ನೇ ಉಪಕರಣದಂತೆ ಹಿಡಿದೊಯ್ಯುತ್ತದೆಯೆ? ಕಾಗೆ ಹಾರಿದರೆ ‘ನೋಡು’ ಎಂಬಂತೆ ಅಮ್ಮನ ಮುಖ ನೋಡುತ್ತದೆಯೆ? ಬರಿಗೈಯಲ್ಲಿ ಕಾಫಿ ಕುಡಿದಂತೆ ನಟಿಸುತ್ತದೆಯೆ? ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗಾಗಿ ಇಂಥ 20 ಪ್ರಶ್ನೆಗಳ ಒಂದು ಪಟ್ಟಿಯೇ ಇದೆ. ಅದು ನಿರ್ಣಯವಲ್ಲ, ಮುಂದೆ ತಜ್ಞರ ಬಳಿ ಹೋಗಬೇಕೆ ಬೇಡವೆ ಎಂದು ಹೇಳುವ ಜರಡಿ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಟಿ.ವಿ.ಯಲ್ಲಿ ಇಂಗ್ಲಿಷ್ ಕೇಳುವ ಮಗುವಿನ ಮಾತನ್ನು ಯಾವ ಭಾಷೆಯಲ್ಲಿ ಅಳೆಯಬೇಕು? ಪ್ರತಿಭಾ ಕಾರಂತರು 1980ರಲ್ಲಿ ಕನ್ನಡಕ್ಕಾಗಿ ಭಾಷಾ ಪರೀಕ್ಷೆಯೊಂದನ್ನು ರೂಪಿಸಿದ್ದರು. ಆದರೆ ತುಳುವೊಂದನ್ನೇ ಆಡುವ ಅಜ್ಜಿಯ ಮಡಿಲಲ್ಲಿ ಬೆಳೆದ ಮಗು ಕನ್ನಡದ ಪ್ರಶ್ನೆಗೆ ಸುಮ್ಮನಿದ್ದರೆ ಅದು ಆಟಿಸಂ ಅಲ್ಲ. ‘ಮನೆಯಲ್ಲಿ ಒಂದೇ ಭಾಷೆ ಆಡಿ, ಹಲವು ಭಾಷೆಯಿಂದ ಮಗುವಿಗೆ ಗೊಂದಲ’ ಎಂಬ ಸಲಹೆಯೂ ಧಾರಾಳವಾಗಿ ಸಿಗುತ್ತದೆ. ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳ ಮಾತು ಅದರಿಂದ ಇನ್ನಷ್ಟು ತಡವಾಗುತ್ತದೆಂಬುದಕ್ಕೆ ವಿದೇಶಗಳ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ತುಳು ಬಿಟ್ಟು ಬಾರದ ಕನ್ನಡದಲ್ಲೋ ಹರಕು ಇಂಗ್ಲಿಷಿನಲ್ಲೋ ಮಗುವನ್ನು ಮುದ್ದು ಮಾಡಲು ಹೊರಡುವ ತಾಯಿ ಇದ್ದ ಒಂದು ಸೇತುವೆಯನ್ನೂ ಕಳೆದುಕೊಳ್ಳುತ್ತಾಳೆ.

ಇನ್ನು ಕಾಗದದ ಸಂಗತಿ. 1995ರ ಅಂಗವಿಕಲರ ಕಾಯ್ದೆ ಏಳು ವೈಕಲ್ಯಗಳನ್ನು ಹೆಸರಿಸಿತು: ಅಂಧತ್ವ, ಮಂದದೃಷ್ಟಿ, ಗುಣವಾದ ಕುಷ್ಠ, ಶ್ರವಣದೋಷ, ಚಲನ ವೈಕಲ್ಯ, ಬುದ್ಧಿಮಾಂದ್ಯ, ಮಾನಸಿಕ ಅಸ್ವಸ್ಥತೆ. ಆಟಿಸಂ ಅದರಲ್ಲಿ ಇರಲಿಲ್ಲ. ಪರಿಣಾಮವೇನೆಂದರೆ, ಮಾಸಾಶನ ಬೇಕಾದರೆ ಮಗುವನ್ನು ಬುದ್ಧಿಮಾಂದ್ಯನೆಂದು ಬರೆಸಬೇಕು. ಅದಕ್ಕೆ ಬುದ್ಧಿಮತ್ತೆಯ ಪರೀಕ್ಷೆ. ಮಾತನಾಡದ, ಹೊಸಬರ ಮುಂದೆ ಕೂರದ ಮಗು ಆ ಪರೀಕ್ಷೆಯಲ್ಲಿ ತಾನು ಬಲ್ಲದ್ದನ್ನೂ ತೋರಿಸದು. ಇನ್ನೊಂದೆಡೆ, ಪರೀಕ್ಷೆಯಲ್ಲಿ ಚೆನ್ನಾಗಿ ಉತ್ತರಿಸಿದ ಮಗುವಿಗೆ ವೈಕಲ್ಯವೇ ಇಲ್ಲವೆಂದಾಗುತ್ತದೆ. ಅದು ರಸ್ತೆ ದಾಟಲಾರದು, ತನಗೇನು ನೋವೆಂದು ಹೇಳಲಾರದು ಎಂಬುದು ಲೆಕ್ಕಕ್ಕೆ ಬಾರದು. ದಿಲ್ಲಿಯಲ್ಲಿ ಮೆರ್ರಿ ಬರುವಾ ಮತ್ತಿತರ ತಾಯಂದಿರು ಕಟ್ಟಿದ ‘ಆ್ಯಕ್ಷನ್ ಫಾರ್ ಆಟಿಸಂ’ನಂಥ ಸಂಸ್ಥೆಗಳು 1990ರ ದಶಕದಲ್ಲಿ ಎತ್ತಿದ ದನಿಯ ನಡುವೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಆಟಿಸಂ ಎಂಬ ಶಬ್ದ ಮೊದಲ ಬಾರಿಗೆ ಬಂತು. ಆದರೆ ಅದು ಮುಖ್ಯವಾಗಿ ಪೋಷಕತ್ವದ ಕಾಯ್ದೆ. ಪ್ರಮಾಣಪತ್ರದ ಬಾಗಿಲು ತೆರೆಯಲು ಇನ್ನೂ ಹದಿನೇಳು ವರ್ಷ ಬೇಕಾಯಿತು.

ಆ ನಡುವೆ ನಮ್ಮ ಸೀಮೆಯ ಮಕ್ಕಳಿಗೆ ಬೇರೊಂದು ಹೆಸರು ಬಂತು. ಅದು ಎಂಡೋಸಲ್ಫಾನ್.

ಗೇರು ಈ ಭಾಗದ ಹಳೆಯ ಬೆಳೆ. ಗೇರು ಸಂಶೋಧನೆಯ ರಾಷ್ಟ್ರೀಯ ಕೇಂದ್ರ 1986ರಲ್ಲಿ ಬಂದದ್ದೂ ಪುತ್ತೂರಿಗೇ. ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1980ರ ಸುಮಾರಿನಿಂದ ಎರಡು ದಶಕ ಕಾಲ ರಾಜ್ಯ ಗೇರು ಅಭಿವೃದ್ಧಿ ನಿಗಮದ ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗಡಿಯಾಚೆ ಕಾಸರಗೋಡಿನಲ್ಲಿ ಕೇರಳದ ನಿಗಮ ಮಾಡಿದ್ದೂ ಅದನ್ನೇ. ಪುತ್ತೂರಿಗೆ ತಾಗಿಕೊಂಡಿರುವ ಎಣ್ಮಕಜೆ ಪಂಚಾಯತಿನ ವಾಣಿನಗರದಲ್ಲಿ ವೈದ್ಯ ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಏನೋ ವಿಪರೀತವಾಗುತ್ತಿದೆ ಎಂದು ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನನ್ನು ತಡೆಯಿತು. ಸಮೀಕ್ಷೆ ನಡೆದು ಪೀಡಿತರ ಪಟ್ಟಿಯಾಯಿತು, ವೈಕಲ್ಯದ ಪ್ರಮಾಣ ನೋಡಿ ಮಾಸಾಶನ ಬಂತು. ಕೊಕ್ಕಡದಲ್ಲಿ, ಮತ್ತು ಆಗ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಕೊಯಿಲದಲ್ಲಿ, ಹಗಲು ಪಾಲನಾ ಕೇಂದ್ರಗಳು ತೆರೆದವು.

ಇಲ್ಲಿ ಎಚ್ಚರದಿಂದ ಮಾತನಾಡಬೇಕು. ಈ ವಿಷಕ್ಕೂ ಆಟಿಸಂಗೂ ನಂಟಿದೆಯೆ? ಕ್ಯಾಲಿಫೋರ್ನಿಯಾದ ಕೃಷಿ ಕಣಿವೆಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಆಟಿಸಂ ಇರುವ 465 ಮಕ್ಕಳನ್ನು ಸುಮಾರು ಏಳು ಸಾವಿರ ಇತರ ಮಕ್ಕಳೊಂದಿಗೆ ಹೋಲಿಸಿತ್ತು. ಎಂಡೋಸಲ್ಫಾನ್ ಮತ್ತು ಡೈಕೋಫಾಲ್ ಹೆಚ್ಚಾಗಿ ಸಿಂಪಡಿಸಿದ ಹೊಲಗಳ 500 ಮೀಟರ್ ಒಳಗೆ ಗರ್ಭದ ಆರಂಭದ ವಾರಗಳನ್ನು ಕಳೆದ ತಾಯಂದಿರ ಮಕ್ಕಳಲ್ಲಿ ಆಟಿಸಂನ ಸಂಭವ ಆರು ಪಟ್ಟು ಕಂಡಿತು. ಆದರೆ ಅಂಥ ತಾಯಂದಿರು ಇದ್ದುದು 29 ಮಂದಿ ಮಾತ್ರ. ಇನ್ನೂ ಪರೀಕ್ಷಿಸಿ ನೋಡಬೇಕು ಎಂದು ಬರೆದವರೇ ಹೇಳಿದ್ದರು. ಒಂದು ಅಧ್ಯಯನವನ್ನು ಹಿಡಿದು ಕಡಬದ ಒಂದು ಮಗುವಿನ ಆಟಿಸಂಗೆ ಹೆಲಿಕಾಪ್ಟರೇ ಕಾರಣವೆನ್ನಲು ಬರುವುದಿಲ್ಲ. ಅಲ್ಲವೆಂದು ಆಣೆ ಮಾಡಲೂ ಬರುವುದಿಲ್ಲ.

ನನಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ಹೋರಾಟದ ಫಲವಾಗಿ ಬಂದ ಕೇಂದ್ರಗಳು ಹುಟ್ಟಿದ್ದು ತೊಂದರೆಯ ಕಾರಣದ ಹೆಸರಿನಲ್ಲಿ. ಮಗುವಿಗೆ ಏನು ಬೇಕು ಎಂಬುದಕ್ಕಿಂತ, ಮಗು ಹೀಗಾದದ್ದು ಯಾವುದರಿಂದ, ಯಾವ ಊರಿನಲ್ಲಿ ಎಂಬುದು ಮೊದಲ ಪ್ರಶ್ನೆಯಾಯಿತು. ಪಟ್ಟಿಯಲ್ಲಿ ಹೆಸರು ಬಂದ ಮನೆಗೆ ಒಂದು ಆಸರೆ. ಪಟ್ಟಿಯಾಚೆಯ ಮನೆಯಲ್ಲಿ ಅಂಥದ್ದೇ ಮಗುವಿದ್ದರೆ ಹಳೆಯ ಘಾಟಿ ರಸ್ತೆ. ಇದು ಹೋರಾಡಿದವರ ತಪ್ಪಲ್ಲ. ಅವರು ಹೋರಾಡದಿದ್ದರೆ ಇಷ್ಟೂ ಬರುತ್ತಿರಲಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಏಳಿದ್ದ ಪಟ್ಟಿಯನ್ನು 21ಕ್ಕೆ ಏರಿಸಿ ಆಟಿಸಂಗೆ ಅದರದೇ ಸ್ಥಾನ ಕೊಟ್ಟಿತು. ಅಳೆಯುವ ಕೋಲು ಅದಕ್ಕೂ ಮೊದಲೇ ಸಿದ್ಧವಾಗಿತ್ತು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆ 2009ರಲ್ಲಿ ಹೊರತಂದ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ ಒಂದರಿಂದ ಐದು ಅಂಕ. 70ಕ್ಕಿಂತ ಕಡಿಮೆಯಿದ್ದರೆ ಆಟಿಸಂ ಇಲ್ಲ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಶೇಕಡಾ 40ರ ವೈಕಲ್ಯ ಎಂದಾದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಶೇಕಡಾ 39 ಎಂದಾದರೆ ತೆರೆಯದು.

ಮಕ್ಕಳಲ್ಲಿ ತೊಂದರೆ ಬೇಗ ಗುರುತಿಸಲೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬರುತ್ತವೆ. ಗ್ರಾಮ ಪಂಚಾಯತಿನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಶಿಕ್ಷಣ ಇಲಾಖೆಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಇದ್ದಾರೆ. ತೀವ್ರ ತೊಂದರೆಯ ಮಕ್ಕಳಿಗೆ ಮನೆಯಲ್ಲೇ ಪಾಠದ ವ್ಯವಸ್ಥೆ ಕಾಗದದ ಮೇಲಿದೆ. ಆದರೆ ಪೂರ್ತಿ ತಪಾಸಣೆ, ಪ್ರಮಾಣಪತ್ರ ಎಂದಾಗ ಮುಖ ಮಂಗಳೂರಿನ ಕಡೆಗೇ ತಿರುಗಬೇಕಾಗುತ್ತದೆ. ಪುತ್ತೂರಿನಿಂದ 50 ಕಿಲೋಮೀಟರ್ ಚಿಲ್ಲರೆ. ಸುಳ್ಯದಿಂದ 80 ದಾಟುತ್ತದೆ. ವಾಕ್ ಚಿಕಿತ್ಸೆ ವಾರಕ್ಕೆ ಎರಡು ದಿನವೆಂದರೆ ದಿನಗೂಲಿಯ ತಾಯಿಗೆ ವಾರಕ್ಕೆ ಎರಡು ದಿನದ ಕೂಲಿ ಹೋಯಿತು.

ಈ ಜಾಗವನ್ನು ತುಂಬಲು ಪೇಟೆಗಳಲ್ಲಿ ಖಾಸಗಿ ಥೆರಪಿ ಕೇಂದ್ರಗಳು ಹುಟ್ಟುತ್ತಿವೆ. ಒಳ್ಳೆಯವೂ ಇವೆ, ಬರಿಯ ಬೋರ್ಡಿನವೂ ಇರುತ್ತವೆ. ವಾಕ್‌ತಜ್ಞರು, ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕೆಂದು 1992ರ ಕಾಯ್ದೆ ಹೇಳುತ್ತದೆ. ಆ ನಂಬರ್ ಕೇಳುವುದು ಅವಿನಯವಲ್ಲ. ‘ಆರು ತಿಂಗಳಲ್ಲಿ ಪೂರ್ತಿ ಗುಣ’ ಎಂದವರ ಬಳಿಯಿಂದ ಎದ್ದು ಬರುವುದೇ ಲೇಸು. ಆಕರಕೋಶ ಅಂದರೆ ಸ್ಟೆಮ್ ಸೆಲ್ ಚುಚ್ಚುಮದ್ದಿಗೆ ಲಕ್ಷಗಟ್ಟಲೆ ಸುರಿಯುವವರಿದ್ದಾರೆ. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ತಜ್ಞರು ಇಲ್ಲದಲ್ಲಿ ಏನೂ ಆಗದೆ? ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಒಟ್ಟಿಗೆ ನಡೆದು 2016ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಆಟಿಸಂ ಇರುವ 65 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರನ್ನು ಕಳಿಸಿದರು. ಆರು ತಿಂಗಳಲ್ಲಿ ಹನ್ನೆರಡು ಭೇಟಿ. ತಾಯಿ ಮಗು ಆಡುವುದನ್ನು ವೀಡಿಯೋ ಮಾಡಿ, ಅದನ್ನು ತಾಯಿಗೇ ತೋರಿಸಿ, ಮಗು ಎಲ್ಲಿ ನೋಡುತ್ತಿದೆ, ಅದು ಏನು ಮಾಡಿದಾಗ ನೀವು ಜೊತೆಗೂಡಿದಿರಿ ಎಂದು ಚರ್ಚಿಸಿದರು. ಆ ಮನೆಗಳ ತಂದೆತಾಯಿ ಮಗುವಿನ ಜಾಡು ಹಿಡಿಯಲು ಕಲಿತರು. ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಆಟಿಸಂ ಹೋಗಲಿಲ್ಲ. ಹೋಗುತ್ತದೆಂದು ಅವರು ಹೇಳಲೂ ಇಲ್ಲ. ಮಿಸಿಸಿಪಿಯ ರೈತ ದಂಪತಿ ತಿಳಿಯದೆ ಮಾಡಿದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಆಶಾ ಕಾರ್ಯಕರ್ತೆಯರೂ ಅಂಗನವಾಡಿ ಶಿಕ್ಷಕಿಯರೂ ಊರೂರಲ್ಲಿರುವ ನಮ್ಮ ತಾಲೂಕುಗಳಲ್ಲಿ ಇದು ಅಸಾಧ್ಯವೇನಲ್ಲ. ಅವರ ಹೆಗಲ ಮೇಲೆ ಈಗಾಗಲೇ ಎಷ್ಟು ಕೆಲಸ ಹೇರಿದೆ ಎಂಬುದನ್ನೂ ಮರೆಯುವಂತಿಲ್ಲ.

ಇಷ್ಟೆಲ್ಲ ಮಾತು ಮಕ್ಕಳದ್ದಾಯಿತು. ಆದರೆ 1985ರಲ್ಲಿ ಅಂಗಳದಲ್ಲಿ ಅಡಿಕೆ ಸಾಲು ಮಾಡುತ್ತಿದ್ದ ಮಗುವಿಗೆ ಈಗ ನಲವತ್ತು ದಾಟಿದೆ. ಪ್ರಮಾಣಪತ್ರ ಇದ್ದರೆ ಅದರಲ್ಲಿ ಬುದ್ಧಿಮಾಂದ್ಯವೆಂದೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. ಹದಿನೆಂಟು ದಾಟಿದವರಿಗೆ ಪೋಷಕರನ್ನು ನೇಮಿಸಲು ರಾಷ್ಟ್ರೀಯ ನ್ಯಾಸದ ಸ್ಥಳೀಯ ಸಮಿತಿ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಮರುತಪಾಸಣೆಯನ್ನೂ ಮಾಡಿಸಬಹುದು. ತಜ್ಞರು ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ: ಮೊದಲ ಮಾತು ಆಡಿದ್ದು ಯಾವಾಗ, ಬಂದ ಮಾತು ಹೋದದ್ದು ಯಾವ ತಿಂಗಳು, ಎರಡು ವರ್ಷದಲ್ಲಿ ಬೆರಳು ತೋರಿಸುತ್ತಿದ್ದನೆ, ಕರೆದರೆ ನೋಡುತ್ತಿದ್ದನೆ? ಆಗಿನ ವೀಡಿಯೋ ಇಲ್ಲ, ವೈದ್ಯರ ಚೀಟಿ ಇಲ್ಲ, 33 ಪುಟದ ಪತ್ರ ಬರೆದಿಟ್ಟ ತಂದೆಯೂ ಇಲ್ಲ. ಉತ್ತರ ಹೇಳಬಲ್ಲವರು ಒಬ್ಬರೇ. ಆ ತಾಯಿಗೆ ಈಗ ಎಪ್ಪತ್ತು ಕಳೆದಿದೆ.